ಕನ್ನಡದ ಕಣ್ವ ಬಿ.ಎಂ. ಶ್ರೀಕಂಠಯ್ಯನವರು

ನಮ್ಮ ಶ್ರೀಮಠದ ಪ್ರೌಢಶಾಲೆಯಲ್ಲಿ ಓದಿ, ಶಿವಮೊಗ್ಗದಲ್ಲಿ ಪದವಿ ಮುಗಿಸಿದ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಪ್ರತಿವರ್ಷ ಫಲಿತಾಂಶ ಪ್ರಕಟವಾದ ಮೇಲೆ ನನ್ನನ್ನು ಕಾಣಲು ಬರುತ್ತಾರೆ. ಭದ್ರಾವತಿಯ ಆಚೆ, ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ತರಗತಿಗೆ ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಳ್ಳಬೇಕೆಂಬ ಆಸೆಯನ್ನು ಹೇಳಿಕೊಳ್ಳುತ್ತಾರೆ. ಹಾಗೆ ಹೇಳುವಾಗ ಅವರ ಮುಖದಲ್ಲಿ ಒಂದು ಬಗೆಯ ಸಂಕೋಚ ಕಾಣುತ್ತದೆ. ಶಬ್ದಮಣಿದರ್ಪಣವನ್ನು ಕಲಿಸಿದ ಪಂಡಿತನ ಮುಂದೆ ನಿಂತು ಷೇಕ್ಸ್‌ಪಿಯರನನ್ನು ಓದಲು ಹೊರಟಿದ್ದೇನೆ ಎನ್ನುವುದು ಗುರುದ್ರೋಹವಾದೀತೋ ಎಂಬ ಅಳುಕು ಅದು. ಅಂಥವರಿಗೆ ನಾನು ಉಪದೇಶ ಮಾಡುವುದಿಲ್ಲ. ಒಬ್ಬ ಮಹನೀಯರ ಜೀವನವನ್ನು ಹೇಳಿ ಕಳುಹಿಸುತ್ತೇನೆ. ಶ್ರೀಮಠದ ಸಂಸ್ಮರಣ ಸಂಪುಟಕ್ಕೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಲಿಯವರು ಆಜ್ಞಾಪಿಸಿದಾಗ ಅದೇ ಜೀವನವನ್ನು ಬರೆದುಕೊಡುವುದು ಉಚಿತವೆಂದು ತೋರಿತು.

ಆ ಮಹನೀಯರು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು. ಕನ್ನಡ ನಾಡಿಗೆಲ್ಲ ಬಿ.ಎಂ.ಶ್ರೀ ಎಂದು ಪರಿಚಿತರಾದವರು. ಅವರು ಜನಿಸಿದ್ದು 1884ನೆಯ ಇಸವಿ ಜನವರಿ 3ರಂದು, ತುಮಕೂರು ಸೀಮೆಯ ಸಂಪಿಗೆ ಎಂಬ ಗ್ರಾಮದಲ್ಲಿ. ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲಿ ವೃತ್ತಿ ನಡೆಸುತ್ತಿದ್ದರು. ಹೀಗಾಗಿ ಬಾಲಕ ಶ್ರೀಕಂಠಯ್ಯನ ಎಳೆತನ ಕಾವೇರಿಯ ದಡದಲ್ಲಿ ಕಳೆಯಿತು. ಮೈಸೂರಿನಲ್ಲಿ ಮುಂದಿನ ಓದು ಸಾಗಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿ ಲಭಿಸಿತು. ಅನಂತರ ಮದರಾಸಿನಲ್ಲಿ ಕಾನೂನು ಪದವಿಯನ್ನೂ ಎಂ.ಎ. ಪದವಿಯನ್ನೂ ಪಡೆದರು. ತಂದೆಯ ವೃತ್ತಿಯನ್ನೇ ಹಿಡಿದಿದ್ದರೆ ಒಬ್ಬ ಸಮರ್ಥ ನ್ಯಾಯವಾದಿ ಎನಿಸುತ್ತಿದ್ದರು. ನಾಡು ಅವರನ್ನು ಇಷ್ಟು ಹೊತ್ತಿಗೆ ಮರೆತಿರುತ್ತಿತ್ತು.

ಆ ಕಾಲದ ಉನ್ನತ ವಿದ್ಯಾಭ್ಯಾಸದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಮೈಸೂರು ಸಂಸ್ಥಾನಕ್ಕೆ ಆಗ ತನ್ನದೇ ಆದ ವಿಶ್ವವಿದ್ಯಾಲಯವಿರಲಿಲ್ಲ. ಇಲ್ಲಿನ ಕಾಲೇಜುಗಳು ಮದರಾಸು ವಿಶ್ವವಿದ್ಯಾಲಯಕ್ಕೆ ಅಧೀನವಾಗಿದ್ದವು. ಪರೀಕ್ಷೆಗಳು ಅಲ್ಲಿಯವು, ಪದವಿಗಳು ಅಲ್ಲಿಯವು. ಎಲ್ಲ ಶಾಸ್ತ್ರಗಳಿಗೂ ಇಂಗ್ಲಿಷೇ ಬಾಗಿಲು. ಚುರುಕುಬುದ್ಧಿಯ ತರುಣರು ಮಿಲ್ಟನ್ನನನ್ನು ಕಂಠಸ್ಥ ಮಾಡುತ್ತಿದ್ದರು. ಪಂಪನ ಹೆಸರನ್ನು ಕೇಳಿದವರು ಅವರಲ್ಲಿ ವಿರಳ. ಇತ್ತ ಹಳಗನ್ನಡವನ್ನು ಬಲ್ಲ ಪಂಡಿತರು ಕಾಲೇಜಿನ ಒಂದು ಮೂಲೆಯಲ್ಲಿ ಇದ್ದರು. ಇಂಗ್ಲಿಷ್ ಅಧ್ಯಾಪಕರಿಗೂ ಅವರಿಗೂ ಸಂಬಳದಲ್ಲಿ ಅಂತರ, ಕುರ್ಚಿಯಲ್ಲಿ ಅಂತರ, ವಿದ್ಯಾರ್ಥಿಗಳು ತೋರುವ ಮರ್ಯಾದೆಯಲ್ಲಿಯೂ ಅಂತರ. ಪಂಡಿತರು ಇಂಗ್ಲಿಷ್ ಕಲಿತವರನ್ನು ನಾಡಿಗೆ ಎರವಾದವರೆಂದು ಭಾವಿಸುತ್ತಿದ್ದರು. ಇಂಗ್ಲಿಷ್ ಕಲಿತವರು ಪಂಡಿತರನ್ನು ಕಾಲಕ್ಕೆ ಎರವಾದವರೆಂದು ನಗುತ್ತಿದ್ದರು. ಈ ಎರಡು ಪಂಗಡಗಳ ನಡುವೆ ಇದ್ದ ಗೋಡೆ ಎಷ್ಟು ಎತ್ತರವಾಗಿತ್ತೆಂಬುದನ್ನು ನನ್ನ ಗುರುಗಳ ಬಾಯಿಂದ ಕೇಳಿದ್ದೇನೆ. ಅದರ ಅಳಿದುಳಿದ ಇಟ್ಟಿಗೆಗಳನ್ನು ನನ್ನ ಸೇವಾವಧಿಯಲ್ಲಿ ನಾನೂ ಕಂಡಿದ್ದೇನೆ.

1909ರಲ್ಲಿ ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು. ಅಧ್ಯಾಪನದಲ್ಲಿ ಅವರಿಗೆ ಬಹುಬೇಗ ಕೀರ್ತಿ ಬಂದಿತು. ಅವರು ಇಂಗ್ಲಿಷನ್ನು ಮನಸಾರೆ ಪ್ರೀತಿಸಿ ಓದಿದವರು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅವರ ಚರಿತ್ರೆಯನ್ನು ಬರೆಯುವ ಹಲವರು, ಇಂಗ್ಲಿಷಿನಿಂದ ಬೇಸತ್ತು ಕನ್ನಡಕ್ಕೆ ಮರಳಿದ ಪಶ್ಚಾತ್ತಾಪಿಯಂತೆ ಅವರನ್ನು ಚಿತ್ರಿಸುತ್ತಾರೆ. ಅದು ಸರಿಯಲ್ಲ. ಅವರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲಿಲ್ಲ. ನಿವೃತ್ತಿಯವರೆಗೂ ಇಂಗ್ಲಿಷ್ ಬೋಧನೆಯೇ ಅವರ ವೃತ್ತಿ. ಒಂದು ಸಾಹಿತ್ಯ ಜೀವಂತವಾಗಿರುವುದೆಂದರೆ ಏನು ಎಂಬುದನ್ನು ಇಂಗ್ಲಿಷಿನಲ್ಲಿ ಕಂಡುಕೊಂಡದ್ದರಿಂದಲೇ ಕನ್ನಡದ ಬಡತನ ಅವರಿಗೆ ಸಹಿಸಲಾರದಷ್ಟು ತೋರಿತು.

ಆ ಸಂಕಟ ಮೊದಲ ಸಲ ಬಹಿರಂಗವಾಗಿ ಮಾತಾದದ್ದು 1911ರಲ್ಲಿ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅವರು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಮೈಸೂರಿನ ಒಬ್ಬ ತರುಣ ಇಂಗ್ಲಿಷ್ ಅಧ್ಯಾಪಕ ಮುಂಬಯಿ ಪ್ರಾಂತ್ಯದ ಧಾರವಾಡಕ್ಕೆ ಬಂದು, ಕನ್ನಡದ ಏಳಿಗೆಯನ್ನು ಕುರಿತು ಕನ್ನಡದಲ್ಲಿ ಮಾತನಾಡುವುದೇ ಅಂದು ಒಂದು ಸೋಜಿಗ. ಕನ್ನಡ ತಲೆ ತಗ್ಗಿಸಿ ನಿಂತಿದೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಹಿಂದಿನ ವೈಭವವನ್ನು ಹೊಗಳಿಕೊಂಡು ಕುಳಿತರೆ ಭಾಷೆ ಬದುಕಲಾರದು. ಜನರು ಆಡುವ ಮಾತಿಗೆ ಹತ್ತಿರವಾದ ಬರವಣಿಗೆ ಬೇಕು, ಹೊಸ ವಿಷಯಗಳು ಬೇಕು, ಹಳೆಯ ಗ್ರಂಥಗಳ ಪರಿಚಯವೂ ಬೇಕು ಎಂಬ ನಿಲುವು ಅವರದು. ಮುಂದೆ ಮೂವತ್ತೈದು ವರ್ಷಗಳ ಕಾಲ ಅವರು ಮಾಡಿದ ಕೆಲಸವೆಲ್ಲ ಆ ಒಂದು ಉಪನ್ಯಾಸದ ವ್ಯಾಖ್ಯಾನವೆಂದರೆ ತಪ್ಪಾಗದು.

ಈ ನಡುವೆ ಮೈಸೂರು ಸಂಸ್ಥಾನದಲ್ಲಿ ಮಹತ್ತರವಾದ ಕಾರ್ಯಗಳು ಒಂದರ ಹಿಂದೆ ಒಂದು ನಡೆದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿಕೊಂಡವು. 1918ರಲ್ಲಿ ಬೆಂಕೀಪುರವೆಂದು ಹೆಸರಾಗಿದ್ದ ನಮ್ಮ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ಅಂಕುರಾರ್ಪಣವಾಯಿತು. ಪರಿಷತ್ತು, ವಿಶ್ವವಿದ್ಯಾಲಯ, ಕಬ್ಬಿಣದ ಕುಲುಮೆ ಮೂರಕ್ಕೂ ಒಂದೇ ಸಂಕಲ್ಪ ಮೂಲ. ಭದ್ರಾವತಿಯವರಾದ ನಮ್ಮ ದಾನಿಗಳಿಗೆ ಆ ಕುಲುಮೆಯ ವಿಷಯವನ್ನು ನಾನು ಹೇಳಬೇಕಾಗಿಲ್ಲ. ಯಂತ್ರವಿದ್ಯೆ ಹೊರದೇಶದ್ದು, ಅದಿರು ಕೆಮ್ಮಣ್ಣುಗುಂಡಿಯದು, ಉರಿದ ಇದ್ದಿಲು ನಮ್ಮ ಮಲೆನಾಡಿನ ಮರದ್ದು, ನೀರು ಭದ್ರೆಯದು. 1923ರಲ್ಲಿ ಅಲ್ಲಿ ಕಬ್ಬಿಣ ಹರಿಯತೊಡಗಿದಾಗ ಅದನ್ನು ಪರದೇಶದ ಕಬ್ಬಿಣವೆಂದು ಯಾರೂ ಕರೆಯಲಿಲ್ಲ. ಸರಿಸುಮಾರು ಅದೇ ವರ್ಷಗಳಲ್ಲಿ ಮೈಸೂರಿನಲ್ಲಿ ಶ್ರೀಕಂಠಯ್ಯನವರು ಹೂಡಿದ್ದು ಇನ್ನೊಂದು ಕುಲುಮೆ.

1921ರಲ್ಲಿ ಇಂಗ್ಲಿಷ್ ಗೀತಗಳು ಎಂಬ ಒಂದು ಚಿಕ್ಕ ಪುಸ್ತಿಕೆ ಹೊರಬಂದಿತು. 1926ರಲ್ಲಿ ಅದೇ ಹೆಸರಿನ ದೊಡ್ಡ ಸಂಕಲನ ಪ್ರಕಟವಾಯಿತು. ಶೆಲ್ಲಿ, ವರ್ಡ್ಸ್‌ವರ್ತ್, ಬರ್ನ್ಸ್ ಮೊದಲಾದ ಕವಿಗಳ ಭಾವಗೀತೆಗಳು ಅಲ್ಲಿ ಕನ್ನಡದ ಉಡುಗೆಯನ್ನು ತೊಟ್ಟವು. ಅವುಗಳಲ್ಲಿ ಬಹುಪಾಲು, ಅಂದಿನ ಕಾಲೇಜುಗಳಲ್ಲಿ ಪಠ್ಯವಾಗಿದ್ದ ಪಾಲ್‌ಗ್ರೇವನ ಗೋಲ್ಡನ್ ಟ್ರೆಷರಿ ಎಂಬ ಸಂಕಲನದಿಂದ ಆಯ್ದವು. ಅಂದರೆ ತರಗತಿಯಲ್ಲಿ ದಿನವೂ ಪಾಠ ಹೇಳುತ್ತಿದ್ದ ಪುಸ್ತಕವನ್ನೇ ಅವರು ನಾಡಿನ ಜನಕ್ಕೆ ಹಂಚಿದರು. ಇಂಗ್ಲಿಷ್ ಪದ್ಯಗಳನ್ನು ಕನ್ನಡಿಸಿದವರಲ್ಲಿ ಅವರೇ ಮೊದಲಿಗರಲ್ಲ. ಹಟ್ಟಿಯಂಗಡಿ ನಾರಾಯಣರಾಯರು, ಎಸ್.ಜಿ. ನರಸಿಂಹಾಚಾರ್ಯರು ಅವರಿಗಿಂತ ಮೊದಲೇ ಈ ದಾರಿಯಲ್ಲಿ ನಡೆದಿದ್ದರು. ಮಂಜೇಶ್ವರದ ಗೋವಿಂದ ಪೈಗಳು 1911ರಷ್ಟು ಹಿಂದೆಯೇ ಪ್ರಾಸವನ್ನು ಬಿಟ್ಟು ಪದ್ಯ ಬರೆದು ಪಂಡಿತರ ಕೋಪಕ್ಕೆ ಗುರಿಯಾಗಿದ್ದರು. ಆದರೆ ಕಾಲುದಾರಿಯಾಗಿದ್ದುದು ಹೆದ್ದಾರಿಯಾದದ್ದು ಶ್ರೀಕಂಠಯ್ಯನವರಿಂದ.

ಈ ಪ್ರಾಸದ ವಿಷಯ ನಮ್ಮಂಥ ವಿದ್ವಾನ್ ಪರೀಕ್ಷೆಯವರಿಗೆ ಹೃದಯಕ್ಕೆ ತಾಗುವ ವಿಷಯ. ಆದುದರಿಂದ ಇಲ್ಲಿ ಕೊಂಚ ನಿಲ್ಲುತ್ತೇನೆ. ಕನ್ನಡ ಪದ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿ ಬರಬೇಕೆಂಬುದು ಸಾವಿರ ವರ್ಷಗಳ ಕಟ್ಟಳೆ. ಕಂದ, ವೃತ್ತ, ಷಟ್ಪದಿ ಎಲ್ಲಕ್ಕೂ ಅದು ಅನ್ವಯಿಸುತ್ತದೆ. ಮಹಾಕವಿಗಳ ಕೈಯಲ್ಲಿ ಆ ಪ್ರಾಸ ಆಭರಣ. ಅಲ್ಪರ ಕೈಯಲ್ಲಿ ಅದು ಕಾಲಿಗೆ ಕಟ್ಟಿದ ಕೊರಡು. ಪ್ರಾಸಕ್ಕಾಗಿ ಶಬ್ದ, ಶಬ್ದಕ್ಕಾಗಿ ಅರ್ಥ ಎಂಬಂತೆ ಕ್ರಮವೇ ತಲೆಕೆಳಗಾಗುತ್ತಿತ್ತು. ಶ್ರೀಕಂಠಯ್ಯನವರು ಈ ಆದಿಪ್ರಾಸವನ್ನು ಕೈಬಿಟ್ಟರು. ಆದರೆ ಛಂದಸ್ಸನ್ನು ಕೈಬಿಡಲಿಲ್ಲ. ಇದು ಗಮನಿಸಬೇಕಾದ ಅಂಶ. ನಮ್ಮ ಷಟ್ಪದಿ, ರಗಳೆಗಳಲ್ಲಿ ಅಡಗಿದ್ದ ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನೇ ಅವರು ಬಿಡಿಸಿ ತೆಗೆದರು. ಸಾಲು ಇಷ್ಟೇ ಉದ್ದವಿರಬೇಕೆಂಬ ನಿಯಮವನ್ನು ಸಡಿಲಿಸಿ, ಭಾವಕ್ಕೆ ತಕ್ಕಂತೆ ಚಿಕ್ಕ ಸಾಲು, ದೊಡ್ಡ ಸಾಲುಗಳನ್ನು ಹೆಣೆದರು. ಸಾಲಿನ ಮೊದಲಲ್ಲಿ ತಾಳಕ್ಕೆ ಸೇರದೆ ನಿಲ್ಲುವ ಅಕ್ಷರಗಳನ್ನೂ ಕೊನೆಯಲ್ಲಿ ಗಣ ತುಂಬುವ ಮೊದಲೇ ನಿಲ್ಲುವ ಮುಡಿಯನ್ನೂ ಬಳಸಿ, ಓದುವಾಗ ಉಸಿರಿಗೆ ಎಡೆಮಾಡಿಕೊಟ್ಟರು. ಸಾಲಿನ ಅಂತ್ಯದಲ್ಲಿ ಪ್ರಾಸವನ್ನು ತಂದರು. ಅಂತ್ಯಪ್ರಾಸ ಇಂಗ್ಲಿಷಿನಿಂದ ಬಂದುದೆಂದು ಹಲವರು ತಿಳಿದಿದ್ದಾರೆ. ಹರಿಹರನ ರಗಳೆಗಳನ್ನು ಓದಿದವರಿಗೆ ಅದು ಹೊಸದಲ್ಲ.

ಶರಣ ಸಾಹಿತ್ಯದ ನೆರಳಿನಲ್ಲಿ ಬೆಳೆದ ನಮಗೆ ಈ ಬದಲಾವಣೆ ಅಷ್ಟೊಂದು ಭಯಂಕರವಾಗಿ ತೋರಬೇಕಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಅಲ್ಲಮಪ್ರಭುಗಳೂ ಅಕ್ಕಮಹಾದೇವಿಯೂ ಪ್ರಾಸದ ಹಂಗಿಲ್ಲದೆ, ಗಣದ ಲೆಕ್ಕವಿಲ್ಲದೆ, ಆಡುವ ಕನ್ನಡವನ್ನೇ ಅನುಭಾವದ ಭಾಷೆಯನ್ನಾಗಿ ಮಾಡಿದ್ದರು. ಹರಿಹರನು ಚಂಪುವಿನ ರಾಜಮಾರ್ಗವನ್ನು ಬಿಟ್ಟು ರಗಳೆಯನ್ನು ಹಿಡಿದನು. ರಾಘವಾಂಕನು ಷಟ್ಪದಿಯನ್ನು ನೆಲೆಗೊಳಿಸಿದನು. ಆದರೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕನ್ನಡ ಕಾವ್ಯವೆಂದರೆ ಪ್ರಾಸಬದ್ಧವಾದ ಪದ್ಯ ಮಾತ್ರವೆಂದು ಪಂಡಿತ ಮಂಡಲಿ ನಂಬಿ ಕುಳಿತಿತ್ತು. ಮನೆಯ ಅಟ್ಟದ ಮೇಲಿದ್ದ ನಿಧಿ ಮರೆತುಹೋಗಿತ್ತು. ಅದರ ಸುಳಿವು ಹತ್ತಿದ್ದು ಪರದೇಶದ ಗೀತೆಗಳ ಬೆಳಕಿನಲ್ಲಿ. ಇದನ್ನು ಒಪ್ಪಿಕೊಳ್ಳಲು ನನಗೂ ಬಹುಕಾಲ ಹಿಡಿಯಿತು.

ಆ ಸಂಕಲನದ ಎರಡು ಕವಿತೆಗಳನ್ನು ಮಾತ್ರ ಇಲ್ಲಿ ನೆನೆಯುತ್ತೇನೆ. ನ್ಯೂಮನ್ ಎಂಬ ಕ್ರೈಸ್ತ ಧರ್ಮಗುರು 1833ರಲ್ಲಿ, ಇಟಲಿಯಿಂದ ಸ್ವದೇಶಕ್ಕೆ ಹಿಂದಿರುಗುವ ಸಮುದ್ರಯಾನದಲ್ಲಿ ಬರೆದ ಪ್ರಾರ್ಥನಾ ಗೀತೆ ಮೊದಲನೆಯದು. ದಾರಿ ಕಾಣದವನು ಬೆಳಕನ್ನು ಕೈಹಿಡಿದು ನಡೆಸೆಂದು ಬೇಡುವ ಆ ಗೀತೆ ಶ್ರೀಕಂಠಯ್ಯನವರ ಕನ್ನಡದಲ್ಲಿ ಎಷ್ಟು ನಮ್ಮದಾಯಿತೆಂದರೆ, ನಾಡಿನ ಎಷ್ಟೋ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯಾಗಿ ಅದನ್ನು ಮಕ್ಕಳು ಹಾಡಿದ್ದಾರೆ. ಅದು ಭಾಷಾಂತರವೆಂಬುದೇ ಹಾಡುವವರಲ್ಲಿ ಬಹುಮಂದಿಗೆ ತಿಳಿಯದು. ಎರಡನೆಯದು ದುಃಖಸೇತು. ಥಾಮಸ್ ಹುಡ್ ಎಂಬ ಕವಿಯ ಕವಿತೆಯ ರೂಪಾಂತರವದು. ಬಾಳನ್ನು ಸಹಿಸಲಾರದೆ ಸೇತುವೆಯಿಂದ ನದಿಗೆ ಬಿದ್ದು ಸತ್ತ ಒಬ್ಬ ಅನಾಥ ಹೆಣ್ಣಿನ ದೇಹವನ್ನು ನೀರಿನಿಂದ ಎತ್ತುವ ಸಂದರ್ಭ. ಅವಳ ತಪ್ಪೊಪ್ಪುಗಳನ್ನು ವಿಚಾರಿಸಬೇಡಿ, ಮೃದುವಾಗಿ ಎತ್ತಿರಿ ಎಂಬುದು ಅದರ ಭಾವ. ನಮ್ಮ ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳಲ್ಲಿ ಇಂಥ ಸಂಕಟಕ್ಕೆ ಎಡೆಯಿತ್ತು. ಆದರೆ ಅಂದಿನ ಪಂಡಿತಕಾವ್ಯದಲ್ಲಿ ಹೆಸರಿಲ್ಲದ, ಕುಲಗೋತ್ರ ತಿಳಿಯದ, ಲೋಕದ ದೃಷ್ಟಿಯಲ್ಲಿ ಕಳಂಕಿತೆಯಾದ ಒಬ್ಬ ಹೆಣ್ಣು ನಾಯಿಕೆಯಾಗಲು ಸಾಧ್ಯವಿರಲಿಲ್ಲ. ನಾನು ವಿದ್ವಾನ್ ತರಗತಿಯಲ್ಲಿದ್ದಾಗ ಈ ಕವಿತೆಯನ್ನು ಪ್ರಾಸಭಂಗದ ಉದಾಹರಣೆಯೆಂದು ಓದಿದೆ. ಮುಂದೆ ಮೇಷ್ಟರಾಗಿ ಅದನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿಹೇಳುವಾಗ ನನ್ನ ಗಂಟಲು ಕಟ್ಟಿತು. ಪ್ರಾಸದ ನೆನಪು ಬರಲಿಲ್ಲ.

ಭಾಷಾಂತರದಿಂದ ನಾಟಕಕ್ಕೆ ಬಂದಾಗ ಅವರ ಇಂಗ್ಲಿಷ್ ವ್ಯಾಸಂಗದ ಇನ್ನೊಂದು ಫಲ ಗೋಚರಿಸುತ್ತದೆ. 1926ರ ಗದಾಯುದ್ಧ ನಾಟಕಂ ಎಂಬ ಕೃತಿಯಲ್ಲಿ ಅವರು ಹತ್ತನೆಯ ಶತಮಾನದ ರನ್ನನ ಚಂಪುವನ್ನು ರಂಗಕ್ಕೆ ಅಳವಡಿಸಿದರು. ರನ್ನನ ಪದ್ಯಗಳನ್ನೇ ಉಳಿಸಿಕೊಂಡು, ದುರ್ಯೋಧನನ ಪತನವನ್ನು ದುರಂತ ನಾಯಕನ ಪತನವಾಗಿ ಕಾಣಿಸಿದರು. ಛಲವನ್ನು ಬಿಡದೆ ನಾಶವನ್ನು ಎದುರುಗೊಳ್ಳುವ ಆ ಘನತೆ ರನ್ನನಲ್ಲಿ ಮೊದಲಿನಿಂದಲೂ ಇತ್ತು. ಗ್ರೀಕರ ಮತ್ತು ಷೇಕ್ಸ್‌ಪಿಯರನ ನಾಟಕಗಳನ್ನು ಓದಿ ಬಂದ ಕಣ್ಣಿಗೆ ಅದು ಥಟ್ಟನೆ ಗೋಚರಿಸಿತು. ಹಳಗನ್ನಡ ಕಾವ್ಯವನ್ನು ಅಲಂಕಾರ, ಸಮಾಸಗಳ ಭಂಡಾರವೆಂದು ಓದುತ್ತಿದ್ದ ನಮ್ಮವರಿಗೆ, ಮನುಷ್ಯನ ಪಾಡು ಅಲ್ಲಿದೆ ಎಂದು ತೋರಿಸಿಕೊಟ್ಟವರು ಒಬ್ಬ ಇಂಗ್ಲಿಷ್ ಅಧ್ಯಾಪಕರು.

1929ರಲ್ಲಿ ಬಂದ ಅಶ್ವತ್ಥಾಮನ್ ನಾಟಕದ ಬಗೆಗೆ ಮಾತ್ರ ನನ್ನ ಮನಸ್ಸು ಇಂದಿಗೂ ಪೂರ್ತಿಯಾಗಿ ಒಪ್ಪಿಲ್ಲ. ಸೊಫೊಕ್ಲಿಸನ ಅಯಾಕ್ಸ್ ನಾಟಕದ ಕಥಾಪುರುಷನ ಸ್ಥಾನದಲ್ಲಿ ಅವರು ದ್ರೋಣಪುತ್ರನನ್ನು ನಿಲ್ಲಿಸಿದರು. ಗ್ರೀಕ್ ವೀರನಂತೆ ಅಶ್ವತ್ಥಾಮನೂ ಕೊನೆಗೆ ತನ್ನ ಕೈಯಿಂದಲೇ ಸಾಯುತ್ತಾನೆ. ಚಿರಂಜೀವಿಗಳಲ್ಲಿ ಒಬ್ಬನೆಂದು ನಾವು ಬಾಲ್ಯದಿಂದ ಶ್ಲೋಕ ಹೇಳಿಕೊಂಡು ಬಂದವನನ್ನು ಕೊಲ್ಲುವುದು ಹೇಗೆ ಎಂದು ಅಂದಿನ ಸಂಪ್ರದಾಯಸ್ಥರು ಕೇಳಿದರು. ಆ ಪ್ರಶ್ನೆ ಅಜ್ಞಾನದ್ದಲ್ಲ. ಪುರಾಣದ ಪಾತ್ರವೊಂದಕ್ಕೆ ಜನರ ಮನಸ್ಸಿನಲ್ಲಿ ತನ್ನದೇ ಆದ ಆಯುಸ್ಸಿದೆ. ಅಷ್ಟಾದರೂ ಆ ನಾಟಕದ ಹಳಗನ್ನಡದ ಬಿಗುಹು, ಸೊಕ್ಕಿದ ವೀರನೊಬ್ಬನು ಅವಮಾನದ ಕೆಳಗೆ ಕುಸಿಯುವ ಚಿತ್ರ ಇವುಗಳನ್ನು ಮೆಚ್ಚದಿರಲು ಸಾಧ್ಯವಿಲ್ಲ. ತರುವಾಯ 1935ರಲ್ಲಿ ಈಸ್ಕಿಲಸನ ನಾಟಕವೊಂದನ್ನು ಪಾರಸಿಕರು ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಅವರ ಸ್ವಂತ ಕವಿತೆಗಳ ಸಂಕಲನ ಹೊಂಗನಸುಗಳು 1943ರಲ್ಲಿ ಬಂದಿತು. ಸ್ವತಂತ್ರ ಕಾವ್ಯದ ದೃಷ್ಟಿಯಿಂದ ಅವರನ್ನು ಬೇಂದ್ರೆ, ಕುವೆಂಪು ಅವರ ಸಾಲಿನಲ್ಲಿ ನಿಲ್ಲಿಸುವುದು ಕಷ್ಟ. ಅವರಿಗೂ ಆ ಹಂಬಲವಿದ್ದಂತೆ ತೋರುವುದಿಲ್ಲ.

1926ರಲ್ಲಿ ಶ್ರೀಕಂಠಯ್ಯನವರು ಮೈಸೂರು ವಿಶ್ವವಿದ್ಯಾಲಯದ ರಿಜಿಸ್ಟ್ರಾರರಾದರು. ಕವಿಗಳಿಗೆ ಕಚೇರಿಯ ಕೆಲಸ ಒಗ್ಗದೆಂಬ ಮಾತನ್ನು ಅವರು ಸುಳ್ಳು ಮಾಡಿದರು. ಅವರ ಅಧಿಕಾರಾವಧಿಯಲ್ಲೇ, 1927ರಲ್ಲಿ, ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಕನ್ನಡ ಕೈಪಿಡಿಯ ಪ್ರಕಟಣೆಯೂ ಅದೇ ಕಾಲದ್ದು. ಅದರಲ್ಲಿ ಅವರ ಲೇಖನಿಯ ಪಾಲು ದೊಡ್ಡದು. ಕನ್ನಡದಲ್ಲಿ ಎಂ.ಎ. ಮಾಡುವಷ್ಟು ಏನಿದೆ ಎಂದು ವಿದ್ಯಾವಂತರೇ ಕೇಳುತ್ತಿದ್ದ ಕಾಲವದು. ಮೂಲೆಯಲ್ಲಿದ್ದ ಪಂಡಿತರ ಶಾಸ್ತ್ರವು ವಿಶ್ವವಿದ್ಯಾಲಯದ ಉನ್ನತ ಪೀಠವನ್ನು ಏರಿತು. ಈ ಲೇಖಕನಂಥ ನೂರಾರು ಕನ್ನಡ ಮೇಷ್ಟರು ಇಂದು ಇತರ ಅಧ್ಯಾಪಕರ ಸಮಕ್ಕೆ ಕುಳಿತುಕೊಳ್ಳುವ ಕುರ್ಚಿಯ ಕಾಲುಗಳನ್ನು ಅಂದು ಜೋಡಿಸಿದ್ದು ಹೀಗೆ.

ಆ ಎಂ.ಎ. ತರಗತಿಯ ಮೊದಲ ತಂಡದಲ್ಲಿ ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ತರುಣರೊಬ್ಬರು ಇದ್ದರು. ಅವರೇ ಕೆ.ವಿ. ಪುಟ್ಟಪ್ಪನವರು. ಮಲೆನಾಡಿನ ಆ ಹುಡುಗ ಮೊದಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಆ ಕವಿತೆಗಳ ಒಂದು ಪುಸ್ತಿಕೆಯೂ ಅಚ್ಚಾಗಿತ್ತು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಆ ಕವಿತೆಗಳನ್ನು ನೋಡಿ, ಮಾತೃಭಾಷೆಯಲ್ಲಿ ಬರೆಯುವಂತೆ ಬುದ್ಧಿ ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದಿದೆ. ಆದರೆ ಆ ಮಾತನ್ನು ಕೇಳಿ ಕನ್ನಡಕ್ಕೆ ತಿರುಗಿದ ತರುಣನಿಗೆ ಬರೆಯಲು ಒಂದು ಹೊಸ ಲಯ ಸಿದ್ಧವಾಗಿರಬೇಕಾಗಿತ್ತು. ಕನ್ನಡದಲ್ಲಿ ಹೊಸ ಭಾವಗಳನ್ನು ಹೇಳಬಹುದೆಂಬ ಧೈರ್ಯವೂ ಬೇಕಾಗಿತ್ತು. ಅವೆರಡನ್ನೂ ಅಣಿಮಾಡಿ ಇಟ್ಟಿದ್ದವರಲ್ಲಿ ಶ್ರೀಕಂಠಯ್ಯನವರು ಅಗ್ರಗಣ್ಯರು. ಪುಟ್ಟಪ್ಪನವರು 1929ರಲ್ಲಿ ಕನ್ನಡ ಎಂ.ಎ. ಪದವೀಧರರಾದರು; ಮುಂದಿನ ಕಥೆಯನ್ನು ನಾನು ಹೇಳಬೇಕಾಗಿಲ್ಲ. 1987ರಲ್ಲಿ ನಮ್ಮ ಜಿಲ್ಲೆಗೆ ವಿಶ್ವವಿದ್ಯಾಲಯ ಬಂದಾಗ ಅದು ಅವರ ಹೆಸರನ್ನೇ ಧರಿಸಿತು. ಇಂಗ್ಲಿಷ್ ಎಂ.ಎ. ಓದಲು ಸಂಕೋಚಪಡುತ್ತ ಶಂಕರಘಟ್ಟಕ್ಕೆ ಹೊರಡುವ ನಮ್ಮ ಹುಡುಗರು, ಕನ್ನಡ ಎಂ.ಎ. ಪದವೀಧರರಾದ ಮಹಾಕವಿಯ ಹೆಸರಿನ ದ್ವಾರವನ್ನೇ ದಾಟಿ ಒಳಹೋಗುತ್ತಾರೆ.

1928ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಶ್ರೀಕಂಠಯ್ಯನವರು ಅಧ್ಯಕ್ಷರಾದರು. ಕಲಬುರ್ಗಿ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದಲ್ಲಿ ಕನ್ನಡಕ್ಕೆ ಸ್ಥಾನವಿರಲಿಲ್ಲ. ಕನ್ನಡಿಗರೇ ತಮ್ಮ ನುಡಿಯನ್ನು ಮನೆಯೊಳಗಿನ ಮಾತೆಂದು ಭಾವಿಸುವ ಸ್ಥಿತಿ. ಅಲ್ಲಿ ಮೈಸೂರಿನ ಇಂಗ್ಲಿಷ್ ವಿದ್ವಾಂಸರೊಬ್ಬರು ಕನ್ನಡದ ಅಧ್ಯಕ್ಷಪೀಠದಲ್ಲಿ ಕುಳಿತದ್ದು ಆ ಭಾಗದ ಜನಕ್ಕೆ ಎಷ್ಟು ಧೈರ್ಯ ತಂದಿತೆಂಬುದನ್ನು ಊಹಿಸಬಹುದು. 1930ರಲ್ಲಿ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಇಂಗ್ಲಿಷ್ ಪ್ರಾಧ್ಯಾಪಕರಾಗಿ ಬಂದರು. ಅರಮನೆಯಿಂದ ರಾಜಸೇವಾಸಕ್ತ ಎಂಬ ಬಿರುದೂ ಪ್ರಾಪ್ತವಾಯಿತು.

1938ರಿಂದ ಸುಮಾರು ಐದು ವರ್ಷ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಅವರು ದುಡಿದ ಬಗೆಯನ್ನು ನಮ್ಮ ಸಂಸ್ಥೆಯ ಕಾರ್ಯಕರ್ತರು ವಿಶೇಷವಾಗಿ ಮನನ ಮಾಡಬೇಕು. ಆ ಹೊತ್ತಿಗೆ ಅವರು ಕವಿ, ಪ್ರಾಧ್ಯಾಪಕ, ರಾಜಮಾನ್ಯ. ಮನೆಯಲ್ಲಿ ಕುಳಿತು ಹಾರ ಹಾಕಿಸಿಕೊಂಡು ಇರಬಹುದಾಗಿತ್ತು. ಬದಲಾಗಿ ಕನ್ನಡ ನುಡಿ ಎಂಬ ಪತ್ರಿಕೆಯನ್ನು ಹೊರಡಿಸಿದರು. ಜನಸಾಮಾನ್ಯರು ಕನ್ನಡ ಕಲಿತು ಪ್ರಮಾಣಪತ್ರ ಪಡೆಯುವಂತೆ ಪರೀಕ್ಷೆಗಳನ್ನು ಏರ್ಪಡಿಸಿದರು. ಗಮಕ ತರಗತಿಗಳಿಗೆ ಒತ್ತಾಸೆಯಾದರು. ಮಹಿಳಾ ಶಾಖೆಗೆ, ಪರಿಷತ್ತಿನ ಅಚ್ಚುಕೂಟಕ್ಕೆ ಶ್ರಮಿಸಿದರು. ಆ ಅಚ್ಚುಕೂಟಕ್ಕೆ ಅವರ ಹೆಸರೇ ನಿಂತಿದೆ. ಗಮಕದ ಮಾತನ್ನು ನಾನು ಬೇಕೆಂದೇ ಎತ್ತಿದೆ. ಕುಮಾರವ್ಯಾಸನನ್ನು ರಾಗವಾಗಿ ಓದುವ ಕಲೆ ಮತ್ತೂರು, ಹೊಸಹಳ್ಳಿಗಳ ನೆರೆಯವರಾದ ನಮಗೆ ಮನೆಯ ಮಾತು. ಪ್ರಾಸವನ್ನು ಬಿಟ್ಟವರೆಂದು ಬೈಸಿಕೊಂಡ ವ್ಯಕ್ತಿಯೇ ಪ್ರಾಸಬದ್ಧ ಕಾವ್ಯದ ವಾಚನಕ್ಕೆ ಆಶ್ರಯ ಕೊಟ್ಟರೆಂಬುದು ಅವರನ್ನು ಬೈದವರಿಗೆ ತಿಳಿದಿರಲಿಲ್ಲವೋ ಏನೋ. ಅವರ ಪರಿಷತ್ ಸೇವೆ ಮುಗಿಯುತ್ತ ಬಂದ ಹೊತ್ತಿಗೆ, 1943ರಲ್ಲಿ, ಬೇಂದ್ರೆಯವರ ಅಧ್ಯಕ್ಷತೆಯಲ್ಲಿ ನಮ್ಮ ಶಿವಮೊಗ್ಗದಲ್ಲೇ ಸಾಹಿತ್ಯ ಸಮ್ಮೇಳನ ಜರುಗಿತು.

ಇಂಗ್ಲಿಷ್ ವಿದ್ಯೆ ಹೀಗೆ ನಾಡಿನ ಕೆಲಸಕ್ಕ�� ಒದಗಿದ್ದು ಮೈಸೂರಿನಲ್ಲಿ ಮಾತ್ರವಲ್ಲ. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ತರುಣ ಶಿಕ್ಷಕರು ಲಿಂಗಾಯತ ವಿದ್ಯಾಸಂಸ್ಥೆಯೊಂದನ್ನು ಕಟ್ಟಿದ ಚರಿತ್ರೆ ನಮ್ಮ ಓದುಗರಿಗೆ ಗೊತ್ತೇ ಇದೆ. ಅವರಲ್ಲಿ ಒಬ್ಬರಾದ ಶಿ.ಶಿ. ಬಸವನಾಳರು ಇಂಗ್ಲಿಷ್ ಪ್ರಾಧ್ಯಾಪಕ ಕೆ.ಆರ್. ಶ್ರೀನಿವಾಸ ಅಯ್ಯಂಗಾರ್ಯರೊಡನೆ ಸೇರಿ ಬಸವಣ್ಣನವರ ವಚನಗಳನ್ನು 1940ರಲ್ಲಿ ಇಂಗ್ಲಿಷಿಗೆ ತಂದರು. ಶ್ರೀಕಂಠಯ್ಯನವರು ಆ ಕಡೆಯಿಂದ ಈ ಕಡೆಗೆ ತಂದರೆ, ಬಸವನಾಳರು ಈ ಕಡೆಯಿಂದ ಆ ಕಡೆಗೆ ಒಯ್ದರು. ದೋಣಿ ಎರಡು ದಡಕ್ಕೂ ಹೋಗಬೇಕಷ್ಟೆ.

ನಿವೃತ್ತಿಯ ತರುವಾಯ ಶ್ರೀಕಂಠಯ್ಯನವರಿಗೆ ವಿಶ್ರಾಂತಿ ದೊರೆಯಲಿಲ್ಲ. ಅವರು ಬಯಸಲೂ ಇಲ್ಲ. 1944ರಲ್ಲಿ ಧಾರವಾಡದ ಕರ್ನಾಟಕ ಎಜುಕೇಶನ್ ಬೋರ್ಡಿನವರು ನಡೆಸುತ್ತಿದ್ದ ಕಾಲೇಜಿಗೆ ಪ್ರಾಂಶುಪಾಲರಾಗಿ ಹೋದರು. ಅರವತ್ತು ತುಂಬಿದ ವಯಸ್ಸಿನಲ್ಲಿ, ಬೆಂಗಳೂರಿನ ನೆಲೆಯನ್ನು ಬಿಟ್ಟು, ಇನ್ನೊಂದು ಪ್ರಾಂತ್ಯದ ಖಾಸಗಿ ಕಾಲೇಜೊಂದನ್ನು ನಡೆಸುವ ಹೊಣೆಯನ್ನು ಹೊರುವುದು ಸುಲಭವಾದ ಮಾತಲ್ಲ. ಖಾಸಗಿ ವಿದ್ಯಾಸಂಸ್ಥೆಗಳ ಕಷ್ಟಸುಖ ನಮ್ಮ ಶ್ರೀಮಠದ ಆಡಳಿತವರ್ಗಕ್ಕೆ ತಿಳಿಯದ್ದಲ್ಲ. 1911ರಲ್ಲಿ ಯಾವ ಊರಿನಲ್ಲಿ ಕನ್ನಡ ತಲೆಯೆತ್ತಬೇಕೆಂದು ಮೊದಲು ಮಾತನಾಡಿದರೋ ಅದೇ ಊರಿನಲ್ಲಿ ಅವರ ಕೊನೆಯ ದಿನಗಳು ಸಂದವು. 1946ರ ಜನವರಿ 5ರಂದು, ಅರವತ್ತೆರಡು ತುಂಬಿ ಎರಡು ದಿನ ಕಳೆದಿರುವಾಗ, ಅವರು ಧಾರವಾಡದಲ್ಲಿ ದೇಹವನ್ನಿಳಿಸಿದರು. ಕರ್ನಾಟಕ ಏಕೀಕರಣವನ್ನು ಅವರು ಕಾಣಲಿಲ್ಲ.

ನಾಡಿನ ವಿದ್ವಾಂಸರು ಅವರನ್ನು ಕನ್ನಡದ ಕಣ್ವರೆಂದು ಕರೆದರು. ಆ ಹೋಲಿಕೆಯ ಔಚಿತ್ಯವನ್ನು ನಾನು ತರಗತಿಯಲ್ಲಿ ವಿವರಿಸುವುದುಂಟು. ಕಣ್ವರು ಶಕುಂತಲೆಯನ್ನು ಹೆತ್ತವರಲ್ಲ. ಕಾಡಿನಲ್ಲಿ ಅನಾಥವಾಗಿ ಬಿದ್ದಿದ್ದ ಶಿಶುವನ್ನು ಎತ್ತಿ ತಂದು ಸಾಕಿ ಸಲಹಿದವರು. ತಮ್ಮ ತಪಸ್ಸನ್ನು ಬಿಡಲಿಲ್ಲ, ಮಗುವನ್ನೂ ಬಿಡಲಿಲ್ಲ.

ಅವರು ಸಾಕಿದ ಪರಂಪರೆ ನಮ್ಮ ಊರಿಗೂ ಬಂದಿತು. 1976ರಲ್ಲಿ ಶಿವಮೊಗ್ಗದಲ್ಲಿ ಎರಡನೆಯ ಸಲ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ಎಸ್.ವಿ. ರಂಗಣ್ಣನವರು. ಅವರೂ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕರು. ಕನ್ನಡದಲ್ಲಿ ಶೈಲಿಯನ್ನು ಕುರಿತು ಗ್ರಂಥ ಬರೆದವರು. ಅವರಿಗೆ 1965ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ತಂದುಕೊಟ್ಟ ರಂಗಬಿನ್ನಪ ಎಂಬ ಕೃತಿ ಶರಣರ ವಚನಗಳ ಜಾಡಿನಲ್ಲಿ ಹುಟ್ಟಿದ್ದು. ಜೀವಮಾನವೆಲ್ಲ ಇಂಗ್ಲಿಷ್ ಪಾಠ ಹೇಳಿದವರು ತಮ್ಮ ಅಂತರಂಗವನ್ನು ತೋಡಿಕೊಳ್ಳಲು ವಚನದ ಮಾರ್ಗವನ್ನು ಹಿಡಿದರು.

ಈಚೆಗೆ ನನ್ನನ್ನು ಕಾಣಲು ಬಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ನನ್ನ ಬಳಿಯಿದ್ದ ಇಂಗ್ಲಿಷ್ ಗೀತಗಳು ಪುಸ್ತಕವನ್ನು ಕೊಟ್ಟೆ. ಅವಳು ಅಲ್ಲೇ ನಿಂತು ದುಃಖಸೇತುವನ್ನು ಓದಿದಳು. ಮೂಲ ಕವಿತೆ ಎಲ್ಲಿ ಸಿಕ್ಕೀತು ಗುರುಗಳೇ ಎಂದು ಕೇಳಿದಳು. ನನಗೆ ಅದನ್ನು ಮೂಲದಲ್ಲಿ ಓದುವಷ್ಟು ಇಂಗ್ಲಿಷ್ ಇಲ್ಲವೆಂದು ಹೇಳಿದೆ. ಶಂಕರಘಟ್ಟದ ಗ್ರಂಥಾಲಯದಲ್ಲಿ ಹುಡುಕಿ, ಮುಂದಿನ ರಜೆಯಲ್ಲಿ ಬಂದು ಎರಡನ್ನೂ ಜೊತೆಯಿಟ್ಟು ನನಗೆ ಓದಿ ಹೇಳುವುದಾಗಿ ಮಾತು ಕೊಟ್ಟು ಹೋಗಿದ್ದಾಳೆ.